ಕಂದು ಕುದುರೆಯ ಕೂದಲು

ಆ ಚಳಿಗಾಲದಲ್ಲಿ ಹಿಮ ಕಲ್ಲಿನಂತೆ ಗಟ್ಟಿಯಾಗಿ, ಒಂದೆಳೆ ಹುಲ್ಲೂ ಸಿಗದೆ ಹೊರ್ಲೋಳ ಕುರಿಗಳು ನಿಂತಲ್ಲೇ ಸತ್ತವು. ಮೊದಮೊದಲು ಅತ್ತಳು. ಹೆಣ ಎಳೆದು ರಾಶಿ ಹಾಕುವ ಕೆಲಸವೇ ಮುಗಿಯದಾದಾಗ ಅಳು ತಾನಾಗಿ ನಿಂತಿತು. ಹುಲ್ಲು ಚಿಗುರಿದ ಮೇಲೂ ಅವಳ ಎದೆ ಮರಗಟ್ಟಿಯೇ ಇತ್ತು.

ಉಳಿದದ್ದು ಕೆಲವು ಮೇಕೆ, ಒಂದು ಕಂದು ಕುದುರೆ. ಅವನ್ನು ಮಾರಿ ಪಟ್ಟಣ ಸೇರೋಣ, ಎರಡು ವರ್ಷ ದುಡಿದು ಬಂದು ಮತ್ತೆ ಮಂದೆ ಕಟ್ಟೋಣ ಎನ್ನುತ್ತಿದ್ದ ಗಂಡ ಸಾಂಬು. ಹೆಣ ಎಳೆಯುವಾಗಲೂ ತಮಾಷೆ ಬಿಡದ ಬಾಯಿಬಡುಕ. ಹೊರ್ಲೋ ಹೂಂ ಎಂದಳು. ಹೂಂ ಎಂದರೆ ಗಂಟೇನು ಹೋಗುತ್ತದೆ?

ವ್ಯಾಪಾರಿ ಗೊಂಬೊ ಲಾರಿ ತಂದ. ಉಪ್ಪುಚಹಾ ಹೀರುತ್ತ ಕುದುರೆಯನ್ನು ನೋಡಿದ.

"ಏನತ್ತಿಗೆ, ಇದರ ಪಕ್ಕೆಲುಬಿನ ಮೇಲೆ ಬಟ್ಟೆ ಒಣಗಿಸ್ಬಹುದಲ್ಲ!"

"ನೀನು ತಿನ್ನೋದ್ರಲ್ಲಿ ಅರ್ಧ ಹಾಕೋ, ದುಂಡಗಾಗತ್ತೆ," ಎಂದ ಸಾಂಬು.

ಪ್ರಾಣಿ ಮಾರುವಾಗ ಅದರ ಚಿಟಿಕೆ ಕೂದಲು ಕಿತ್ತು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಮಂದೆಯ ಭಾಗ್ಯವೂ ಅದರ ಹಿಂದೆಯೇ ಹೊರಟುಹೋಗುತ್ತದೆ, ಆ ಮನೆಗೆ ಮತ್ತೆ ಮಂದೆ ಕೂಡಿಬರುವುದಿಲ್ಲ. ಮದುವೆಯಾದಾಗಿನಿಂದ ಅದು ಹೊರ್ಲೋಳ ಕೆಲಸ. ಗಂಡಸರು ಮೇಕೆಗಳನ್ನು ಲಾರಿಗೆ ಹತ್ತಿಸುವಷ್ಟು ಹೊತ್ತೂ ಅವಳ ಕೈ ಕುದುರೆಯ ಜೂಲಿನ ಮೇಲೇ ಇತ್ತು. ಮೇಕೆಗಳದ್ದಾಗಲಿ ಅದರದ್ದಾಗಲಿ ಯಾಕೋ ಕೀಳಲಿಲ್ಲ. ಬೇಡವೆಂದಲ್ಲ, ಬೇಕೆನಿಸಲಿಲ್ಲ.

ಕುದುರೆಯನ್ನೂ ಹತ್ತಿಸಿಕೊಂಡು ಲಾರಿ ಹೋಯಿತು. ಸಾಂಬು ಡೇರೆಯೊಳಗಿಂದ ಅಪ್ಪನ ಕಾಲದಿಂದಲೂ ಮಾರಿದ ಪ್ರಾಣಿಗಳ ಕೂದಲು ಕೂಡಿಡುತ್ತಿದ್ದ ಬಟ್ಟೆಚೀಲ ತಂದು ಬಾಯಿ ಬಿಚ್ಚಿ ಹಿಡಿದ.

"ಹಾಕು."

"ಏನು?"

"ಕೂದಲು ಕಣೇ."

"ಕೀಳ್ಲಿಲ್ಲ."

"ತಮಾಷೆ ಮಾಡೋದು ನನ್ನ ಕೆಲಸ," ಎಂದು ನಕ್ಕ. ಆಮೇಲೆ ಅವಳ ಮುಖ ನೋಡಿದ.

"ಗೊಂಬೊ! ಏ ಗೊಂಬೊ, ನಿಲ್ಲಿಸೋ!" ಎಂದು ಕೂಗುತ್ತ ಓಡಿದ. ಬಯಲಿನಾಚೆ ಧೂಳಷ್ಟೇ ಕಾಣುತ್ತಿತ್ತು. ಹಿಂದಿರುಗಿದವನು ಕುದುರೆ ನಿಂತಿದ್ದ ಜಾಗದಲ್ಲಿ ಮಂಡಿಯೂರಿ, ಹುಲ್ಲು ಸರಿಸಿ ಸರಿಸಿ ಹುಡುಕತೊಡಗಿದ.

"ಬಾರೇ, ನೀನೂ ಹುಡುಕು. ಒಂದೇ ಒಂದು ಸಿಕ್ಕಿದ್ರೂ ಸಾಕು."

ಎರಡು ವರ್ಷದ ಮಾತು ತನ್ನ ಸಮಾಧಾನಕ್ಕೆ ಹೇಳಿದ್ದೆಂದು ಅವಳು ಎಣಿಸಿದ್ದಳು. ಅವನು ನಿಜಕ್ಕೂ ನಂಬಿದ್ದ. ಈಗ ಮಗುವಿನಂತೆ ಬಿಕ್ಕುತ್ತಿದ್ದ. ಹೋಗಿ ಅವನ ಪಕ್ಕ ಕೂರಬೇಕೆಂದು ಅವಳಿಗೆ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ಕಾಲು ಏಳಲಿಲ್ಲ, ಅದಕ್ಕೆ ನಾಚಿಕೆಯೂ ಆಗಲಿಲ್ಲ.

ಹೊರ್ಲೋ ಚಹಾ ಬಟ್ಟಲುಗಳನ್ನು ಎತ್ತಿಕೊಂಡು ತೊಳೆಯಲು ಒಳಗೆ ಹೋದಳು.