ತೋಳು ಬಿಚ್ಚುವ ಅಂಗಿ

ಹೊಸ ಉದ್ದಿಮೆಗೆ ಉಪಾಯ ಹುಡುಕುವ ಸ್ಪರ್ಧೆಯಲ್ಲಿ ಚೀಟಿ ಎತ್ತಿ ತಂಡ ಕಟ್ಟಿದರು. ಟೈಲರ್ ಹೆಂಗಸಿಗೆ ಒಬ್ಬ ನರ್ಸ್, ಒಬ್ಬ ಇಂಜಿನಿಯರ್ ಜೊತೆಯಾದರು. ಹತ್ತೇ ನಿಮಿಷ ಉಳಿದಿದ್ದರೂ ಹಾಳೆ ಖಾಲಿಯಿತ್ತು.

“ಕೈ ಮುರಿದವರಿಗೆ ಅಂಗಿ ಹಾಕೋದೇ ದೊಡ್ಡ ಪಾಡು,” ಎಂದು ನರ್ಸ್ ಗೊಣಗಿದಳು.

“ತೋಳಿಗೆ ಹೊಲಿಗೆ ಬದಲು ಉದ್ದಕ್ಕೂ ಗುಂಡಿ ಇಟ್ರೆ?” ಟೈಲರ್ ಬಾಯಿಂದ ತಾನಾಗಿ ಬಂತು.

“ಅಕ್ಕಾ, ವೇದಿಕೆ ಮೇಲೆ ನೀವೇ ಹೇಳಿ,” ಎಂದ ಇಂಜಿನಿಯರ್.

“ಅಯ್ಯೋ, ನಂಗೆ ನಾಲಿಗೆ ಹೊರಳಲ್ಲಪ್ಪಾ!”

ತಂಡವನ್ನು ಕರೆದಾಗ ಉಳಿದಿಬ್ಬರೂ ಅವಳನ್ನೇ ಮುಂದೆ ತಳ್ಳಿದರು. ಮೈಕಿನ ಮುಂದೆ ಮಾತೇ ಹೊರಡಲಿಲ್ಲ. ಕೊನೆಗೆ ಚೀಲದಿಂದ ಕತ್ತರಿ ತೆಗೆದು, ಪಕ್ಕದಲ್ಲಿದ್ದ ಇಂಜಿನಿಯರನ ಅಂಗಿತೋಳಿನ ಹೊಲಿಗೆಯನ್ನು ಸರಸರನೆ ಬಿಚ್ಚಿದಳು.

“ಹೊಸ ಅಂಗಿ ಅಕ್ಕಾ!” ಎಂದು ಅವನು ಕೂಗುವಷ್ಟರಲ್ಲಿ, ಕೈ ಅಲುಗದೆಯೇ ತೋಳು ತೆರೆದುಕೊಂಡಿತ್ತು. ತೀರ್ಪುಗಾರರು ಎದ್ದು ನಿಂತರು.

ತಂಡಕ್ಕೆ ಎರಡನೇ ಬಹುಮಾನ ಘೋಷಿಸಿದ್ದು ಅವಳಿಗೆ ಕೇಳಿಸಲೇ ಇಲ್ಲ. ವೇದಿಕೆಯ ಮೆಟ್ಟಿಲ ಮೇಲೆ ಕೂತು ಅವನ ಅಂಗಿ ಮತ್ತೆ ಹೊಲಿಯುತ್ತಿದ್ದಳು.