ಅನುಭವಿಸಿದವರ ಕುರ್ಚಿ

ಜಿಲ್ಲೆಯ ಆಡಳಿತ ನೋಡಿಕೊಳ್ಳುವ ಕೌಂಟಿ ಕಮಿಷನ್ನಿನ ಸಭೆ ಎಂದಿನಂತೆ ಪ್ರಾರ್ಥನೆಯಿಂದ ಶುರುವಾಯಿತು. ಡ್ರೀಮಾ ಎಸ್ಟೆಪ್ ತಲೆಯನ್ನೇನೋ ತಗ್ಗಿಸಿದಳು, ದೇವರನ್ನು ಏನೂ ಕೇಳಲಿಲ್ಲ. ಅವಳು ಕೇಳಬೇಕಾಗಿದ್ದದ್ದು ಎದುರಿನ ಮೇಜಿನ ಹಿಂದಿದ್ದ ಮೂವರು ಕಮಿಷನರುಗಳನ್ನು. ಅವರು ಕೊಡುವವರಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಬೇಕಾಗಿದ್ದದ್ದು ಒಂದು ವ್ಯಾನು. ನೋವಿನ ಗುಳಿಗೆಯ ಚಟದಿಂದ ಹೊರಬರುತ್ತಿದ್ದ ಹೆಂಗಸರಿಗಾಗಿ ಅವಳು ಒಂದು ಮನೆ ನಡೆಸುತ್ತಿದ್ದಳು. ಆ ಮನೆಯ ಹಳೇ ವ್ಯಾನು ಬೆಟ್ಟದ ಏರಿನಲ್ಲಿ ಎಂಜಿನ್ ಸುಟ್ಟುಕೊಂಡು ನಿಂತುಬಿಟ್ಟಿತ್ತು. ದಿನಾ ಬೆಳಿಗ್ಗೆ ಬೆಟ್ಟದಾಚೆಯ ಕ್ಲಿನಿಕ್ಕಿಗೆ ಹೋಗಿ ಚಟದ ತಹತಹ ತಡೆಯುವ ಮದ್ದು ಕುಡಿದು ಬರದಿದ್ದರೆ ಆ ಹೆಂಗಸರು ಮಧ್ಯಾಹ್ನಕ್ಕೆ ಬೆವರುತ್ತಾರೆ, ಸಂಜೆಗೆ ಗುಳಿಗೆ ಮಾರುವ ಹಳೇ ಗೆಳೆಯರಿಗೆ ಫೋನು ಮಾಡುತ್ತಾರೆ. ಅವರಲ್ಲೊಬ್ಬಳಾದ ಟಾನಿ ಹಾಗೆ ಮಾಡಿ ಹೋದ ವಾರ ಸತ್ತಳು. ಅವಳ ಬಟ್ಟೆ ಇನ್ನೂ ಡ್ರೈಯರಿನಲ್ಲೇ ಇತ್ತು, ತೆಗೆಯುವ ಧೈರ್ಯ ಯಾರಿಗೂ ಇರಲಿಲ್ಲ.

ದುಡ್ಡಿಲ್ಲ ಎನ್ನುವಂತಿರಲಿಲ್ಲ. ಈ ಗುಳಿಗೆಯನ್ನು ಹರಡಿದ ಔಷಧ ಕಂಪನಿಗಳ ಮೇಲೆ ಹೂಡಿದ ದಾವೆ ರಾಜಿಯಲ್ಲಿ ಮುಗಿದು ಕೌಂಟಿಗೂ ಒಂದು ಪಾಲು ಬಂದಿತ್ತು. ಊರವರು ಅದನ್ನು ಗುಳಿಗೆ ದುಡ್ಡು ಎನ್ನುತ್ತಿದ್ದರು. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ತೀರ್ಮಾನಿಸಲು ಐದು ಜನರ ಸಮಿತಿ. ಇಬ್ಬರು ಕೌಂಟಿಯ ಪೊಲೀಸು ಮುಖ್ಯಸ್ಥನಾದ ಷರೀಫನ ಕಡೆಯವರು; ಅವರಿಗೆ ಜೈಲಿನಲ್ಲಿ ಕೈದಿಗಳ ಮೈ ಜಾಲಾಡುವ ಯಂತ್ರ ಬೇಕು, ಅದನ್ನು ಕೊಂಡರೆ ವ್ಯಾನಿಗೆ ಏನೂ ಉಳಿಯುವುದಿಲ್ಲ. ಒಬ್ಬ ಡಾಕ್ಟರು, ಒಬ್ಬ ಪಾದ್ರಿ ವ್ಯಾನಿನ ಕಡೆ. ಐದನೆಯ ಕುರ್ಚಿ ಚಟವನ್ನು 'ಸ್ವತಃ ಅನುಭವಿಸಿದವರಿಗೆ' ಮೀಸಲು ಎಂದು ರಾಜ್ಯದ ನಿಯಮ. ಅದನ್ನು ತುಂಬುವವರು ಕಮಿಷನರುಗಳು; ಅದು ತುಂಬುವವರೆಗೆ ಸಮಿತಿ ಒಂದು ಡಾಲರನ್ನೂ ಮುಟ್ಟುವಂತಿಲ್ಲ.

ಆ ಕುರ್ಚಿಗೆ ಮೊದಲು ಅರ್ಜಿ ಹಾಕಿದವಳು ಡ್ರೀಮಾ. ಜೈಲಿಗೆ ಹೋಗಿಬಂದವರು ಕೌಂಟಿಯ ಯಾವ ಸಮಿತಿಯಲ್ಲೂ ಕೂರುವಂತಿಲ್ಲ ಎಂದು ಅದನ್ನು ತಳ್ಳಿಹಾಕಿದ್ದರು. ಚಟ ಹತ್ತಿಸಿಕೊಂಡೂ ಜೈಲು ಕಾಣದವರನ್ನು ಈ ಕಣಿವೆಯಲ್ಲಿ ಎಲ್ಲಿಂದ ಹುಡುಕಿ ತರುತ್ತೀರಿ ಎಂದು ಅವಳು ಕೇಳಿದ್ದಳು. ಆ ಚಿಂತೆ ನಿನಗೆ ಬೇಡ ಎಂದಿದ್ದ ಕಮಿಷನ್ನಿನ ಅಧ್ಯಕ್ಷ ಡೆನ್ಝಿಲ್ ಹ್ಯಾಚರ್.

ಈಗ ಹುಡುಕಿ ತಂದಿದ್ದರು. ರಾಂಡಲ್ ಸ್ಕ್ಯಾಗ್ಸ್, ನಿವೃತ್ತ ಪೊಲೀಸು. ಡ್ರೀಮಾಳ ಕೈಗೆ ಕೋಳ ಹಾಕಿದ್ದು ಅವನೇ.

"ಈ ಚಟದವರನ್ನ ರಾಂಡಲ್ ಅನುಭವಿಸಿದಷ್ಟು ಇನ್ಯಾರು ಅನುಭವಿಸಿದಾರೆ ಹೇಳಿ," ಎಂದ ಡೆನ್ಝಿಲ್. "ಕೋಳ ಹಾಕೀ ಹಾಕೀ ಪಾಪ ಅವನ ಮಣಿಕಟ್ಟೇ ಹೋಗಿದೆ."

ಸಭೆ ನಕ್ಕಿತು. ಎರಡನೆಯ ಸಾಲಿನಲ್ಲಿದ್ದ ರಾಂಡಲ್‌ನ ಹೆಂಡತಿಯೂ ನಕ್ಕಳು. ರಾಂಡಲ್ ಮಾತ್ರ ತನ್ನ ಬೂಟು ನೋಡುತ್ತಿದ್ದ.

ಅವನು ಯಾಕೆ ನಗಲಿಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ಡ್ರೀಮಾ ಒಬ್ಬಳಿಗೇ. ಪಕ್ಕದ ಕೌಂಟಿಯ ಚರ್ಚೊಂದರ ನೆಲಮಾಳಿಗೆಯಲ್ಲಿ ಗುರುವಾರಗಳಂದು ಚಟ ಬಿಡುವವರು ಸುತ್ತ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಹೋದ ಚಳಿಗಾಲದಲ್ಲಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಂದ ರಾಂಡಲ್, ತನ್ನ ಚಟ ಬೆನ್ನಿನ ಆಪರೇಷನ್ನಿಂದ ಶುರುವಾದದ್ದು ಎಂದು ಹೇಳಿದ್ದ. ಏಳುವ ಮುಂಚೆ ಎಲ್ಲರೂ ಕೈ ಹಿಡಿದುಕೊಂಡು, ಇಲ್ಲಿ ಕಂಡದ್ದು ಕೇಳಿದ್ದು ಇಲ್ಲಿಯೇ ಇರಲಿ ಎನ್ನುವುದು ಅಲ್ಲಿನ ಪದ್ಧತಿ. ಅವತ್ತು ಅವನ ಕೈ ಹಿಡಿದವಳು ಡ್ರೀಮಾ.

ಬಾಯಿಬಿಟ್ಟರೆ ಕೊಟ್ಟ ಮಾತು ಮುರಿಯುತ್ತದೆ. ಅಷ್ಟೇ ಅಲ್ಲ, ಆ ಕುರ್ಚಿ ನ್ಯಾಯವಾಗಿ ಅವನದೇ ಆಗುತ್ತದೆ. ಅವನ ಮತ ಷರೀಫನ ಯಂತ್ರಕ್ಕೆ.

"ನಿಂಗೆ ಮೂರು ನಿಮಿಷ ಡ್ರೀಮಾ. ಅಳೋದೊಂದು ಬೇಡ," ಎಂದ ಡೆನ್ಝಿಲ್.

"ಅಳೋಕೆ ಟಾನಿಯ ಅಮ್ಮ ಇದಾಳೆ. ನಂದು ರಾಂಡಲ್ ಅವರಿಗೆ ಒಂದೇ ಪ್ರಶ್ನೆ." ಅವಳು ಅವನ ಕಡೆ ತಿರುಗಿದಳು. "ನೀವು ಯಾವತ್ತಾದ್ರೂ ಈ ಗುಳಿಗೆಯ ಚಟಕ್ಕೆ ಬಿದ್ದಿದ್ರಾ?"

ಗೋಡೆಗೆ ಒರಗಿದ್ದ ಷರೀಫ್ ನೆಟ್ಟಗೆ ನಿಂತ. ರಾಂಡಲ್ ಹೆಂಡತಿಯ ಕಡೆ ನೋಡಿದ. ಅವನ ಕಿವಿ ಕೆಂಪಾಯಿತು.

"ನಾನಾ? ನಿನ್ನಂಥೋಳಲ್ಲ ನಾನು. ಜನ್ಮದಲ್ಲಿ ಅದನ್ನ ಮುಟ್ಟಿಲ್ಲ."

"ಒಂದೂ ಇಲ್ಲ?"

"ಇಲ್ಲ ಅಂದ್ನಲ್ಲ."

ಡ್ರೀಮಾ ಗುಮಾಸ್ತೆಯ ಕಡೆ ತಿರುಗಿ, ಈ ಮಾತನ್ನು ಹಾಗೆಯೇ ಬರೆದುಕೊಳ್ಳಿ, ತಾನು ಅನುಭವಿಸಿಲ್ಲವೆಂದು ಅವರೇ ಹೇಳಿದ್ದಾರೆ ಎಂದಳು.

ಕೌಂಟಿಯ ವಕೀಲ ಎದ್ದುಬಂದು ಡೆನ್ಝಿಲ್‌ನ ಕಿವಿಯಲ್ಲಿ ಪಿಸುಗುಟ್ಟಿದ. ಇಂಥ ಮಾತು ನಡಾವಳಿಯಲ್ಲಿ ಇರುವಾಗ ನೇಮಕ ಮಾಡಿದರೆ ರಾಜ್ಯದವರು ಹಣವನ್ನೇ ವಾಪಸ್ಸು ಕೇಳಬಹುದಿತ್ತು. ತಕ್ಕ ವ್ಯಕ್ತಿ ಸಿಗುವತನಕ ವಿಷಯವನ್ನು ಮುಂದೂಡಲಾಗಿದೆ ಎಂದು ಡೆನ್ಝಿಲ್ ಹಲ್ಲು ಕಚ್ಚಿಕೊಂಡು ಓದಿದ. ಆಮೇಲೆ ಮೈಕಿಗೆ ಕೈ ಅಡ್ಡ ಹಿಡಿದು ಕೇಳಿದ: "ಇದ್ರಿಂದ ನಿಂಗೇನು ಸಿಕ್ತಮ್ಮ?"

"ನಿಮಗೂ ಸಿಗ್ಲಿಲ್ವಲ್ಲ."

ಹೊರಗೆ ಅವಳ ಕಾರಿನ ಬಾಗಿಲಿಗೆ ಅಡ್ಡವಾಗಿ ರಾಂಡಲ್ ನಿಂತಿದ್ದ.

"ಅಲ್ಲಿಂದು ಅಲ್ಲೇ ಇರ್ಲಿ ಅಂತ ಕೈ ಹಿಡ್ಕೊಂಡು ಹೇಳಿದೋಳು ನೀನು."

"ನಾನು ಯಾರಿಗೂ ಏನೂ ಹೇಳಿಲ್ಲ."

"ಹೇಳ್ಲಿಲ್ಲ. ನನ್ನ ಬಾಯಲ್ಲಿ ಸುಳ್ಳು ಹೇಳಿಸ್ದೆ. ಹೆಂಡ್ತಿ ಎದುರು ನಾನು ಸುಳ್ಳೇ ಹೇಳ್ತೀನಿ ಅಂತ ನಿಂಗೆ ಎಲ್ಲಿ ಗೊತ್ತಾಯ್ತು? ಅಲ್ಲಿ ಕೂತಿದ್ದಕ್ಕೆ ತಾನೆ?"

ಅವನು ಹೇಳಿದ್ದು ನಿಜ ಎಂಬುದೇ ಡ್ರೀಮಾಳ ಸಿಟ್ಟನ್ನು ಹೆಚ್ಚಿಸಿತು.

"ಬರೋ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಒಂದು ವರ್ಷ ಆಗ್ತಿತ್ತು ನಾನು ಬಿಟ್ಟು," ಎಂದ ಅವನು. "ಇನ್ನು ಅಲ್ಲಿಗೆ ಯಾವ ಮುಖ ಹೊತ್ಕೊಂಡು ಬರ್ಲಿ?"

ಬನ್ನಿ, ಎಂಥ ಮುಖವಾದರೂ ಸರಿ, ಬನ್ನಿ. ಗುರುವಾರಗಳಂದು ಹೊಸಬರಿಗೆ ಅವಳು ಹೇಳುತ್ತಿದ್ದ ಮಾತು ನಾಲಗೆಯ ತುದಿಗೆ ಬಂತು. ಡ್ರೈಯರಿನಲ್ಲಿದ್ದ ಟಾನಿಯ ಬಟ್ಟೆ ನೆನಪಾಗಿ ಅದನ್ನು ನುಂಗಿದಳು.

"ದಾರಿ ಬಿಡಿ," ಎಂದಳು.

ಅವನು ಉಗಿದು, ತನ್ನ ಟ್ರಕ್ಕು ಹತ್ತಿ ಹೋದ.

ಅವಳು ಕಾರಿನಲ್ಲಿ ಕೂತು ಹೆಂಗಸರಿದ್ದ ಮನೆಗೆ ಫೋನು ಮಾಡಿದಳು. ಎತ್ತಿಕೊಂಡ ಹುಡುಗಿ ಮೊದಲು ಕೇಳಿದ್ದು ವ್ಯಾನಿನ ವಿಷಯ.

"ಇಲ್ಲ. ಯಂತ್ರಾನೂ ಇಲ್ಲ. ದುಡ್ಡೆಲ್ಲ ಬ್ಯಾಂಕಲ್ಲೇ ಕೊಳೀತಾ ಇರತ್ತೆ. ಬೆಳಿಗ್ಗೆ ಮತ್ತೆ ನನ್ನ ಕಾರಲ್ಲೇ ಹೋಗೋಣ."

"ಕಾರಲ್ಲಿ ನಾಲ್ಕೇ ಜನ ಹಿಡಿಸೋದು. ನಾಳೆ ಯಾರು ಉಳಿಯೋದು?"

ಆ ಕ್ಲಿನಿಕ್ಕು ಬೆಳಗಿನ ಹೊತ್ತು ಬಿಟ್ಟರೆ ತೆರೆದಿರುವುದಿಲ್ಲ. ಎರಡು ಸಲ ಬೆಟ್ಟ ಹತ್ತಿಳಿಯಲು ಆಗದು.

"ಮದ್ದಿಲ್ದೆ ಒಂದು ದಿನ ತಡ್ಕೊಳ್ಳೋ ಶಕ್ತಿ ಯಾರಿಗಿದೆ," ಎಂದಳು ಡ್ರೀಮಾ, "ನೀನೇ ನೋಡಿ ಹೇಳು."