ಮೂವತ್ತೆಂಟು ಫಲಾನುಭವಿಗಳು

ಬೂಟಿಗೆ ಅಂಟು ಹಚ್ಚುವ ಹಾಲ್‌ನ ಬಾಗಿಲಲ್ಲಿ ಸೇವಾ ಸಾಹೇಬರು ಕಾಣಿಸಿಕೊಂಡಾಗ ಹೆಂಗಸರೆಲ್ಲ ಕೈಯಲ್ಲಿದ್ದ ಬ್ರಷ್ಷನ್ನು ಹಾಗೇ ಹಿಡಿದುಕೊಂಡು ನೋಡಿದರು. ಆ ಬೂಟಿನ ಕಾರ್ಖಾನೆಯಲ್ಲಿ ಸಾಮಾಜಿಕ ಹೊಣೆಗಾರಿಕೆ ವಿಭಾಗ ಅಂತ ಒಂದಿತ್ತು. ಅದಕ್ಕೆ ಮುಖ್ಯಸ್ಥರೂ ಅವರೇ, ಇದ್ದವರೂ ಅವರೊಬ್ಬರೇ. ಅಷ್ಟುದ್ದದ ಹುದ್ದೆ ನಾಲಿಗೆಗೆ ಹೊರಳದೆ ಹೆಂಗಸರು ಸೇವಾ ಸಾಹೇಬರು ಎಂದು ಹೆಸರಿಟ್ಟಿದ್ದರು. ಎರಡು ವರ್ಷದಲ್ಲಿ ಒಮ್ಮೆಯೂ ಈ ಕಡೆ ತಲೆ ಹಾಕಿದವರಲ್ಲ. ಈಗಲೂ ಒಳಗೆ ಕಾಲಿಡಲಿಲ್ಲ. ಹೊಸ್ತಿಲಾಚೆ ನಿಂತು, ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಒಳಗಿನವರಿಗೆ ಆರೋಗ್ಯದ ಮಹತ್ವ ಹೇಳತೊಡಗಿದರು.

“ನೋಡಮ್ಮಾ, ಗೇಟಿನ ಹತ್ರ ಶ್ವಾಸಕೋಶ ತಪಾಸಣಾ ಶಿಬಿರ ಇಟ್ಟಿದ್ದೀವಿ. ಉಚಿತ. ಸುತ್ತಮುತ್ತಲಿನ ಬಡವರಿಗೆ. ಹನ್ನೊಂದಕ್ಕೆ ಯಜಮಾನ್ರು ಬರ್ತಾರೆ, ಟೀವಿಯವರೂ ಬರ್ತಾರೆ.”

“ಒಳ್ಳೇದಾಯ್ತಲ್ಲ ಸಾರ್,” ಎಂದಳು ಹಾಲಿನ ಮೇಲ್ವಿಚಾರಕಿ. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

“ಬಡವರು ಬಂದಿಲ್ಲ.”

ಅಕ್ಕನಿಗೆ ನಗು ತಡೆಯುವುದು ಕಷ್ಟವಾಯಿತು. ಹೋದ ವರ್ಷ ಇದೇ ಮಹಾನುಭಾವರು ಅಕ್ಕಪಕ್ಕದ ಬೀದಿಗಳಿಗೆಲ್ಲ ಕನ್ನಡಕ ಹಂಚಿದ್ದರು. ಎಲ್ಲವೂ ಒಂದೇ ನಂಬರಿನವು. ಹಾಕಿಕೊಂಡ ಒಬ್ಬ ಮುದುಕ ವೇದಿಕೆಯಿಂದ ಇಳಿಯುವ ಬದಲು ಬಿದ್ದಿದ್ದ. ಅವನನ್ನು ಎತ್ತುವ ಫೋಟೊ ಕೂಡ ವಾರ್ಷಿಕ ವರದಿಯಲ್ಲಿ ಅಚ್ಚಾಗಿತ್ತು, ‘ಕೈಹಿಡಿದು ನಡೆಸುವ ಸಂಸ್ಥೆ’ ಎಂಬ ಅಡಿಬರಹದೊಂದಿಗೆ. ಬೀದಿಯವರಿಗೆ ಬಡತನವಿತ್ತೇ ಹೊರತು ಮರೆವು ಇರಲಿಲ್ಲ.

“ಕಟಿಂಗ್ ಹಾಲಲ್ಲಿ ಅರ್ಜೆಂಟ್ ಆರ್ಡರ್ ಇದೆಯಂತೆ. ನಿಮ್ಮವರನ್ನ ಕಳಿಸಿ. ನೀಲಿ ಕೋಟು ಬಿಚ್ಚಿ ಬರ್ಲಿ. ಕೇಳಿದ್ರೆ ಇಲ್ಲೇ ಪಕ್ಕದ ಬೀದಿಯವರು, ಮನೆಗೆಲಸ ಅಂತ ಹೇಳ್ಲಿ.”

ಅಕ್ಕ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಇಡೀ ಕಾರ್ಖಾನೆಯಲ್ಲಿ ಯಾರನ್ನು ಬೇಕಾದರೂ ಶಿಬಿರದ ಉಸಿರಳೆಯುವ ಯಂತ್ರದ ಮುಂದೆ ಕೂರಿಸಬಹುದಿತ್ತು, ಈ ಹಾಲಿನವರನ್ನು ಬಿಟ್ಟು. ಅದು ತಿಳಿಯಬೇಕಾದರೆ ಒಮ್ಮೆಯಾದರೂ ಕರವಸ್ತ್ರ ತೆಗೆದು ಉಸಿರೆಳೆಯಬೇಕಿತ್ತು.

“ಎಲ್ಲರನ್ನೂ ಕರ್ಕೊಂಡು ಬರ್ತೀನಿ ಸಾರ್. ಒಬ್ಬರನ್ನೂ ಬಿಡಲ್ಲ,” ಎಂದಳು.

ಹಾಲಿನ ಗೋಡೆಯಲ್ಲಿ ಗಾಳಿ ಹೊರದೂಡುವ ಫ್ಯಾನು ಎರಡಿದ್ದವು. ಒಂದು ಕೆಟ್ಟು ಐದು ತಿಂಗಳಾಗಿತ್ತು. ಅಂಟಿನ ಆವಿ ಮಧ್ಯಾಹ್ನದ ಹೊತ್ತಿಗೆ ಕಣ್ಣು ಉರಿಸುತ್ತಿತ್ತು. ಅಕ್ಕನ ನಾದಿನಿ ಎರಡನೇ ಮೇಜಿನಲ್ಲಿ ಕೂರುತ್ತಿದ್ದಳು. ಆ ಕೆಲಸ ಕೊಡಿಸಿದವಳು ಅಕ್ಕನೇ. ಈಗ ನಾದಿನಿ ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಅವಳನ್ನು ಪ್ಯಾಕಿಂಗಿಗೆ ಹಾಕಿ ಎಂದರೆ ಮ್ಯಾನೇಜರು ಡಾಕ್ಟರ ಚೀಟಿ ಕೇಳಿದ. ಕಂಪನಿ ಡಾಕ್ಟರು ತಲೆ ಎತ್ತದೆ ‘ಧೂಳಿನ ಅಲರ್ಜಿ, ಮನೆ ಗುಡಿಸಿ’ ಎಂದು ಬರೆದುಕೊಟ್ಟ.

ಇಷ್ಟೇ ಆಗಿದ್ದರೆ ಅಕ್ಕ ಎದೆ ತಟ್ಟಿಕೊಂಡು ಜಗಳಕ್ಕೆ ಹೋಗುತ್ತಿದ್ದಳು. ಆದರೆ ಪ್ರತಿ ಬೆಳಿಗ್ಗೆ ಒಂದು ಹಾಳೆಯಲ್ಲಿ ‘ಎರಡೂ ಫ್ಯಾನ್ ಓಡುತ್ತಿವೆ’ ಎಂಬುದರ ಮುಂದೆ ಸಹಿ ಹಾಕುತ್ತಿದ್ದವಳು ಅವಳೇ. ಮೊದಲ ದಿನ ‘ಇಲ್ಲ’ ಎಂದು ಬರೆದಾಗ ಮ್ಯಾನೇಜರು ಹಾಳೆ ವಾಪಸು ಕಳಿಸಿದ್ದ: ಹೊಸದಕ್ಕೆ ಹೇಳಿದ್ದೀವಿ, ನಾಲ್ಕು ದಿನಕ್ಕೆ ಯಾಕೆ ತಲೆನೋವು ಮಾಡ್ತೀಯ? ನಾಲ್ಕು ದಿನ ಐದು ತಿಂಗಳಾಯಿತು. ಹೆಂಗಸರು ಕೇಳಿದಾಗೆಲ್ಲ ಅವಳು, “ದಿನಾ ಬರೆದು ಕೊಡ್ತಾನೇ ಇದ್ದೀನಿ ಕಣ್ರೇ,” ಅನ್ನುತ್ತಿದ್ದಳು.

ಗೇಟಿನ ಹತ್ತಿರ ನಿಂತಿದ್ದ ಶಿಬಿರದ ಬಸ್ಸಿನಲ್ಲಿ ದೊಡ್ಡಾಸ್ಪತ್ರೆಯಿಂದ ಬಂದ ಡಾಕ್ಟರಮ್ಮ ಒಬ್ಬರಿದ್ದರು. ಹೆಂಗಸರು ಯಂತ್ರದ ಕೊಳವೆಗೆ ಒಬ್ಬೊಬ್ಬರಾಗಿ ಊದಿದರು. ಹತ್ತು ಜನ ಊದುವಷ್ಟರಲ್ಲಿ ಡಾಕ್ಟರಮ್ಮ ಯಂತ್ರವನ್ನು ಬಡಿದು ನೋಡಿದರು. ಇಪ್ಪತ್ತಾದ ಮೇಲೆ ತಾವೇ ಒಮ್ಮೆ ಊದಿ ನೋಡಿದರು. ಯಂತ್ರ ಸರಿಯಾಗಿಯೇ ಇತ್ತು.

ನಾದಿನಿಯ ಸರದಿ ಬಂತು. ಅರ್ಧ ಊದಿ ಕೆಮ್ಮಿ ಬಗ್ಗಿಬಿಟ್ಟಳು. ಡಾಕ್ಟರಮ್ಮ ಅವಳ ಬೆನ್ನು ಸವರಿ, ಕೈ ಹಿಡಿದು ಉಗುರಿಗೆ ಮೆತ್ತಿದ್ದ ಅಂಟು ನೋಡಿದರು.

“ಏನ್ ಕೆಲಸ ಮಾಡ್ತೀರಿ?”

“ಮನೆಗೆಲಸ.”

“ಮನೇಲಿ ಅಂಟಲ್ಲಿ ಅಡುಗೆ ಮಾಡ್ತೀರಾ?”

ನಾದಿನಿ ಅಕ್ಕನತ್ತ ನೋಡಿದಳು. ಅಕ್ಕ ಬಸ್ಸಿನ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಒಂದನ್ನು ಬಿಟ್ಟು.

ಹನ್ನೊಂದೂವರೆಗೆ ಯಜಮಾನರು ಹೂಗುಚ್ಛ ಹಿಡಿದು ವೇದಿಕೆ ಹತ್ತಿದರು. ಸೇವಾ ಸಾಹೇಬರು ಚೀಟಿಯೊಂದನ್ನು ಅವರ ಕೈಗೆ ತುರುಕಿದರು. ಯಜಮಾನರು ಅದನ್ನು ಓದಿ, ಕಣ್ಣು ಒದ್ದೆ ಮಾಡಿಕೊಂಡು, ಮೈಕಿಗೆ ಬಾಯಿ ಹಚ್ಚಿದರು.

“ಮೂವತ್ತೆಂಟು ಜನ ಫಲಾನುಭವಿಗಳು! ಅವರಲ್ಲಿ ಮೂವತ್ತೊಂದು ಜನಕ್ಕೆ ಶ್ವಾಸಕೋಶ ಸರಿಯಿಲ್ಲ! ನಮ್ಮ ಗೋಡೆ ಪಕ್ಕದಲ್ಲೇ ಇಂಥಾ ಸ್ಥಿತಿ! ನಾವು ಬರದಿದ್ದರೆ ಇವರನ್ನ ಕೇಳೋರ್ಯಾರು?”

ಸೇವಾ ಸಾಹೇಬರು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಯಾರೋ, “ಗೋಡೆ ಪಕ್ಕ ಅಲ್ಲ, ಗೋಡೆ ಒಳಗೆ,” ಎಂದು ಗೊಣಗಿದಳು. ಇಡೀ ಸಾಲು ಬಾಯಿಗೆ ಸೆರಗು ಒತ್ತಿಕೊಂಡು ಅಲುಗಾಡಿತು.

ಎರಡು ಮಾತಾಡಿ ಎಂದು ಡಾಕ್ಟರಮ್ಮನಿಗೆ ಮೈಕು ಕೊಟ್ಟರು. ಅವರು ಎರಡೇ ಮಾತಾಡಿದರು. “ಇವರೆಲ್ಲ ನಿಮ್ಮದೇ ಅಂಟಿನ ಹಾಲಿನವರು ಸಾರ್. ಇವರಿಗೆ ಶಿಬಿರ ಬೇಡ, ಗಾಳಿ ಕೊಡಿ.”

ಟೀವಿಯವನು ಕ್ಯಾಮೆರಾ ಇಳಿಸಲಿಲ್ಲ. ಅವನಿಗೂ ಹೊಟ್ಟೆಪಾಡು.

ಅರ್ಧ ಗಂಟೆಯಲ್ಲಿ ಅಕ್ಕನನ್ನು ಮ್ಯಾನೇಜರ ಕೋಣೆಗೆ ಕರೆಸಿದರು. ಸೇವಾ ಸಾಹೇಬರು ಮೂಲೆಯಲ್ಲಿ ನೀರು ಕುಡಿಯುತ್ತಿದ್ದರು. ಮೇಜಿನ ಮೇಲೆ ಐದು ತಿಂಗಳ ಹಾಳೆಗಳ ಕಟ್ಟು.

“ಇದೇನಮ್ಮಾ? ದಿನಾ ಎರಡೂ ಓಡ್ತಿವೆ ಅಂತ ನೀನೇ ಬರೆದಿದ್ದೀಯ. ನಿನ್ನ ಸಹಿ ನಂಬಿ ನಾವು ಸುಮ್ಮನಿದ್ವಿ.”

“ನೀವೇ ಅಲ್ವಾ ಸಾರ್ ಹಾಳೆ ವಾಪಸು ಕಳಿಸಿದ್ದು?”

“ಹಾಗಂತ ಎಲ್ಲಿ ಬರೆದಿದೆ? ತೋರಿಸು. ಹೊಣೆ ಅನ್ನೋದು ಅವರವರಿಗೆ ಬಿಟ್ಟಿದ್ದು ಕಣಮ್ಮ.”

ಸಂಸ್ಥೆಯ ಹೊಣೆಗೆ ಬ್ಯಾನರು, ಬಸ್ಸು, ಹೂಗುಚ್ಛ. ಅದು ತಿರುಗಿಬಿದ್ದ ಕೂಡಲೇ ಒಬ್ಬ ಹೆಂಗಸಿನ ಸಹಿ. ಅಕ್ಕನಿಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ಸಿಟ್ಟಿಗೆ ಒಂದಿಷ್ಟು ಮರ್ಯಾದೆಯಾದರೂ ಬೇಕು.

“ಆ ಮೂವತ್ತೆಂಟು ರಿಪೋರ್ಟೂ ತಂದು ಇಲ್ಲಿಡು,” ಎಂದ ಮ್ಯಾನೇಜರು ದನಿ ಇಳಿಸಿ. “ಅದರಲ್ಲಿ ಏನೋ ತಪ್ಪಾಗಿದೆ, ತಿದ್ದಿಸಿ ಕೊಡ್ತೀವಿ. ಈ ಕಟ್ಟು ಬೀರು ಸೇರುತ್ತೆ. ಇಲ್ಲದಿದ್ರೆ ಮೂವತ್ತೊಂದು ಜನರ ಎದೆ ಹಾಳು ಮಾಡಿದವಳು ನೀನು ಅಂತ ಆಗುತ್ತೆ.”

ಕೇಳಿದರೆ ಹೆಂಗಸರು ಮರುಮಾತಿಲ್ಲದೆ ಕೊಡುತ್ತಾರೆಂಬುದು ಅಕ್ಕನಿಗೆ ಗೊತ್ತಿತ್ತು. ಮೆಟ್ಟಿಲಿಳಿಯುವಾಗ ಅವಳನ್ನು ಚುಚ್ಚಿದ್ದು ಅದೇ.

ಹಾಲಿನಲ್ಲಿ ಎಲ್ಲರೂ ರಿಪೋರ್ಟು ಹಿಡಿದು ನಿಂತಿದ್ದರು. ಮೇಲ್ಗಡೆ ಕಂಪನಿಯ ಬಣ್ಣದ ಲಾಂಛನ, ಮೂವತ್ತೊಂದರಲ್ಲಿ ಕೆಳಗೆ ಡಾಕ್ಟರಮ್ಮನ ಕೈಬರಹ: ಕೆಲಸದ ಜಾಗದ ಅಂಟಿನ ಆವಿಯಿಂದ ಆದ ತೊಂದರೆ.

“ಆ ಕಾಗದ ಯಾರು ಕೇಳಿದ್ರೂ ಕೊಡಬೇಡಿ,” ಎಂದಳು ಅಕ್ಕ. “ನಾನು ಕೇಳಿದ್ರೂ ಕೊಡಬೇಡಿ. ನಾನು ನಿಮಗೆ ಸುಳ್ಳು ಹೇಳಿದ್ದೀನಿ. ದಿನಾ ಬರೆದು ಕೊಟ್ಟೆ, ನಿಜ. ಫ್ಯಾನು ಓಡ್ತಿದೆ ಅಂತ ಬರೆದು ಕೊಟ್ಟೆ.”

ನಾದಿನಿ ಎರಡು ಹೆಜ್ಜೆ ಮುಂದೆ ಬಂದಳು.

“ಐದು ತಿಂಗಳಾ, ಅತ್ತಿಗೆ?”

“ಹೂಂ.”

“ನಾನು ಗೋಡೆಗೆ ಒರಗಿ ಕೂತಿರೋವಾಗ ನೀವು ಬಂದು ಹೊದಿಕೆ ಸರಿಮಾಡ್ತಿದ್ರಲ್ಲ. ಬೆಳಿಗ್ಗೆ ಎದ್ದು ಬಂದು ಇದನ್ನ ಬರೀತಿದ್ರಾ?”

ಮೇಲಿನ ಕೋಣೆಯವರ ಬಗ್ಗೆ ಅಕ್ಕನಿಗಿದ್ದ ತಾತ್ಸಾರದಲ್ಲಿ ಒಂದು ಪಾಲು ತನ್ನದೇ ಎಂದು ಅವಳಿಗೆ ಗೊತ್ತಿತ್ತು. ಗೋಡೆಯ ಹಲಗೆಯಿಂದ ಒಂದು ಖಾಲಿ ಹಾಳೆ ಕಿತ್ತು ಮೇಜಿನ ಮೇಲಿಟ್ಟು ಬರೆದಳು: ಫ್ಯಾನು ಯಾವ ದಿನ ನಿಂತಿತು, ಯಾರು ಹಾಳೆ ವಾಪಸು ಕಳಿಸಿದರು, ಅಂದಿನಿಂದ ತಾನು ಎಷ್ಟು ದಿನ ಸುಳ್ಳು ಸಹಿ ಹಾಕಿದೆ. ಬರೆದು ಮುಗಿಸಿ ಸಹಿ ಮಾಡಿದಳು.

“ಇದರಿಂದ ನಿಮ್ಮ ಕೆಲಸ ಹೋಗುತ್ತೆ,” ಎಂದಳು ನಾದಿನಿ.

“ಹೋಗಲಿ ಬಿಡು.”

“ನಾನು ನಿಮ್ಮ ಜೊತೆ ಮಾತು ಬಿಟ್ಟಿದ್ದೀನಿ, ಗೊತ್ತಾಯ್ತಾ? ಬೇಗ ಬನ್ನಿ. ಆ ಬಸ್ಸು ಹೊರಟುಬಿಟ್ರೆ ಇದನ್ನ ಕೊಡೋಕೆ ಡಾಕ್ಟರಮ್ಮ ಸಿಗಲ್ಲ.”

ಹಾಳೆಯನ್ನು ಕೈಯಿಂದ ಕಿತ್ತುಕೊಂಡು ನಾದಿನಿ ಮುಂದೆ ನಡೆದಳು. ಅಂಗಳದ ನಡುವೆ ಉಸಿರು ಸಾಲದೆ ನಿಂತಳು. ಅಕ್ಕ ಕೈ ಚಾಚಿದಳು. ನಾದಿನಿ ಹಿಡಿಯಲಿಲ್ಲ, ಮೊಣಕಾಲಿಗೆ ಕೈಯೂರಿ ಒಂದು ನಿಮಿಷ ಸುಧಾರಿಸಿಕೊಂಡು, ಬಸ್ಸಿನತ್ತ ತಾನೇ ಹೊರಟಳು.